ಸಂತೆಯಲ್ಲಿ ಕೂತ ಗ್ರಾಮಸಭೆ

ಒಂದಾನೊಂದು ಕಾಲದಲ್ಲಲ್ಲ, ಹೋದ ತಿಂಗಳು, ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥರು ಅಜ್ಜಿಕಥೆಯ ರಾಜನ ಹಾಗೆ ಚಂದನಾಳಿಗೆ ಷರತ್ತು ಹಾಕಿದ್ದರು: “ನಿಮ್ಮೂರ ಗ್ರಾಮಸಭೇಲಿ ನೂರು ಹೆಂಗಸರನ್ನ ಕೂರಿಸು. ನಾರ್ವೆಗೆ ಓದೋಕೆ ಹೋಗೋ ಅರ್ಜಿಗೆ ಸಹಿ ಹಾಕ್ತೀನಿ.”

ಇವತ್ತು ಅರ್ಜಿಗೆ ಕೊನೆಯ ದಿನ. ನೂರು ಹೆಂಗಸರ ಹೆಬ್ಬೆಟ್ಟು ಬಿದ್ದ ಸಭೆಯ ಹಾಜರಿ ಪುಸ್ತಕ ಅವರ ಮೇಜಿನ ಮೇಲಿತ್ತು.

“ಸಂತೇಲಿ ಮಾಡಿದ್ದೂ ಒಂದು ಸಭೆಯೇನಮ್ಮ?”

“ಶನಿವಾರ ಹೆಂಗಸರೆಲ್ಲ ಅಲ್ಲೇ ಇರ್ತಾರೆ ಸಾರ್. ಪಂಚಾಯ್ತಿಯವರನ್ನೇ ಅಲ್ಲಿಗೆ ಕರೆಸಿದೆ.”

“ಹೆಬ್ಬೆಟ್ಟಿನವರ ನಾಯಕಿ, ನಾರ್ವೇಲಿ ಏನು ಕಡಿದು ಗುಡ್ಡೆ ಹಾಕ್ತೀಯ?” ಪೆನ್ನನ್ನು ಗೀಚಿ ಬದಿಗಿಟ್ಟರು. “ಇಂಕಿಲ್ಲ. ನಾಳೆ ಬಾ.”

ಚಂದನಾ ಸಂತೆಗೆ ಒಯ್ದಿದ್ದ ಸ್ಟಾಂಪ್ ಪ್ಯಾಡನ್ನು ಚೀಲದಿಂದ ತೆಗೆದು, ಮುಚ್ಚಳ ಬಿಚ್ಚಿ, ಅವರ ಮುಂದೆ ತಳ್ಳಿದಳು. “ಹೆಬ್ಬೆಟ್ಟಾದ್ರೂ ಒತ್ತಿ ಸಾರ್.”

ಅವರು ಅವಳನ್ನೇ ದುರುಗುಟ್ಟಿ ನೋಡುತ್ತ ಜೇಬಿನಿಂದ ಇನ್ನೊಂದು ಪೆನ್ ತೆಗೆದರು. ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು.