ಕೆರೆಯ ತಳದ ಭಾನುವಾರ

ಕಾರ್ಡ್ ತೆರೆಯಲಾಗದು ಎಂದು ಲ್ಯಾಪ್‌ಟಾಪ್ ಮೂರನೇ ಸಲ ಹೇಳಿದಾಗ ಸಂಶೋಧಕಿ ಮೌಸನ್ನು ಪಕ್ಕಕ್ಕೆ ತಳ್ಳಿ, ಕಮಾಂಡ್ ಕೊಡುವ ಕಪ್ಪು ಪರದೆ ತೆರೆದಳು. ಕೆರೆಯ ತಳದ ಸದ್ದು ಹಿಡಿಯುವ ಯಂತ್ರದ ಮೆಮೊರಿ ಕಾರ್ಡ್ ಅದು. ಹಗ್ಗ ಕಡಿದು ಮುಳುಗಿದ್ದ ಯಂತ್ರ ತಿಂಗಳ ಮೇಲೆ ದೋಣಿಯವನ ಬಲೆಗೆ ಸಿಕ್ಕಿತ್ತು. ತಂದುಕೊಟ್ಟವನು ಕುರ್ಚಿಯ ತುದಿಯಲ್ಲಿ ಕೂತಿದ್ದ. "ಹಗ್ಗ ಕಡಿದ್ಮೇಲೆ ಬಂದ ಭಾನುವಾರಾನೇ ಒಬ್ನೇ ಹೋಗಿ ಮಧ್ಯಾಹ್ನದವರೆಗೂ ಮುಳುಗಿ ಹುಡುಕಿದೆ ಮೇಡಂ" ಎಂದು ಅವನು ಆಗಲೇ ಹೇಳಿದ್ದ. "ಸುಮ್ನೆ ಕಥೆ ಕಟ್ಬೇಡ" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಒಂದು ಖಾಲಿ ಫೋಲ್ಡರ್ ಮಾಡಿ, ಕಾರ್ಡನ್ನು ಅದಕ್ಕೆ ಜೋಡಿಸುವ ಕಮಾಂಡನ್ನು ಒಂದೊಂದೇ ಅಕ್ಷರ ನೋಡಿಕೊಂಡು ಟೈಪ್ ಮಾಡಿ ಎಂಟರ್ ಒತ್ತಿದಳು. ಪರದೆ ತುಟಿ ಪಿಟಕ್ಕೆನ್ನಲಿಲ್ಲ. ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದ್ದೇ ತಡ, ಈಗಷ್ಟೇ ಖಾಲಿಯಿದ್ದ ಜಾಗದಿಂದ ಫೈಲುಗಳು ಸಾಲುಸಾಲಾಗಿ ಇಳಿದವು. ಹಗ್ಗ ಕಡಿದದ್ದು ಶುಕ್ರವಾರ. ಪಟ್ಟಿ ಅಲ್ಲಿಗೆ ನಿಂತಿರಲಿಲ್ಲ. ಕತ್ತಲ ಕೆಸರಿನಲ್ಲಿ ಬಿದ್ದುಕೊಂಡೇ ಯಂತ್ರ ಶನಿವಾರವೂ ಕೇಳಿಸಿಕೊಂಡಿತ್ತು, ಭಾನುವಾರವೂ.

ಅವಳು ಭಾನುವಾರದ ಫೈಲು ಹಾಕಿದಳು. ಬಹಳ ಹೊತ್ತು ಬರೀ ನೀರು. ಆಮೇಲೆ ಮೇಲಿನಿಂದ ಧುಡುಂ ಎಂದು ಏನೋ ಬಿತ್ತು, ಹತ್ತಿರ ಬಂತು, ಪರಪರ ಕೆಸರು ಕೆದಕಿತು, ಗುಳುಗುಳು ಗುಳ್ಳೆ ಬಿಡುತ್ತಾ ಮೇಲೆ ಹೋಯಿತು. ಮತ್ತೆ ಧುಡುಂ. ಮತ್ತೆ. ಹದಿನೇಳರವರೆಗೆ ಎಣಿಸಿದ ಅವಳಿಗೆ ಮುಂದೆ ಲೆಕ್ಕ ತಪ್ಪಿತು.

ದೋಣಿಯವನು ಕಣ್ಣರಳಿಸಿ ಮುಂದಕ್ಕೆ ಬಾಗಿದ್ದ. "ಅಬ್ಬಬ್ಬಾ, ಎಂಥಾ ದೊಡ್ಡ ಮೀನು ಮೇಡಂ! ಇಷ್ಟು ವರ್ಷದಲ್ಲಿ ನನ್ನ ಕಣ್ಣಿಗೇ ಬಿದ್ದಿಲ್ವಲ್ಲ!"

ಅವಳು ಕುರ್ಚಿ ಬಿಟ್ಟು ಎದ್ದು ನಿಂತಳು.

"ಮೀನಲ್ಲ ಅಣ್ಣಾ. ಅದು ನೀವು."