ಕೆಲಸವಿಲ್ಲದ ಸೊಸೆ

"ಸೊಸೆಗೆ ಕೆಲಸ ಇದೆಯಾ?" ಎಂದು ಕೇಳಿ, ಗಣತಿಗೆ ಬಂದ ಹೆಂಗಸು ಪೆನ್ನನ್ನು ಕಾಗದದ ಮೇಲೆ ಊರಿ ಕಾದಳು.

"ಕೆಲಸ ಎಲ್ಲಿಂದ ಬಂತು? ಸುಮ್ನೆ ಮನೇಲಿರ್ತಾಳೆ," ಎಂದ ಗಂಡ. ಸೊಸೆಯ ತೊಡೆಯ ಮೇಲೆ ಕಾರ್ಖಾನೆಯ ಅಂಗಿಗಳಿದ್ದವು. ಬೆಳಗಿನಿಂದ ಅರವತ್ತಕ್ಕೆ ಗುಂಡಿ ಹೊಲಿದಿದ್ದಳು. ಈಗೀಗ ಸೂಜಿಯ ಕಣ್ಣೇ ಅವಳಿಗೆ ಕಾಣುತ್ತಿರಲಿಲ್ಲ. ಗಡಿಯಾಚೆಯ ದೇಶದಲ್ಲಿ ಅವಳ ಅಕ್ಕನೂ ಮನೆಯಲ್ಲಿ ಕೂತು ಇದೇ ಗುಂಡಿ ಹೊಲಿಯುತ್ತಾಳೆ. ಅಲ್ಲಿ ಅವಳನ್ನು ಕೆಲಸಗಾರ್ತಿ ಎಂದು ಬರೆದುಕೊಂಡು, ಕಣ್ಣಿಗೆ ಪುಕ್ಕಟೆ ಚಿಕಿತ್ಸೆ ಮಾಡಿಸಿದ್ದರು. ಇಲ್ಲಿಯೂ ಗಣತಿಯಲ್ಲಿ ಕೆಲಸಗಾರರ ಪಟ್ಟಿಗೆ ಸೇರಿದವರಿಗೆ ಮಾತ್ರ ಆ ಚಿಕಿತ್ಸೆ.

"ನಾನು ಕೆಲಸ ಮಾಡ್ತೀನಿ," ಎಂದಳು ಸೊಸೆ.

"ಗುಂಡಿ ಹಚ್ಚೋದು ಕೆಲಸ ಆದ್ರೆ ಗೊರಕೆ ಹೊಡಿಯೋದೂ ಕೆಲಸಾನೇ! ಹೆಂಡ್ತಿ ದುಡಿಮೇಲಿ ಬದುಕ್ತಾನೆ ಅಂತ ನಾಲ್ಕು ಜನ ಆಡ್ಕೋಬೇಕಾ?" ಗಂಡ ಸಿಡುಕಿ ತಾಯಿಯ ಕಡೆ ತಿರುಗಿದ. "ನೀನೇ ಹೇಳಮ್ಮ."

ಅತ್ತೆ ಈವರೆಗೆ ಸೊಸೆಯ ಪರವಾಗಿ ತುಟಿ ಬಿಚ್ಚಿದವಳಲ್ಲ. ತಾನೂ ಹೊಲಿಯುತ್ತಿದ್ದ ಅಂಗಿಯ ದಾರವನ್ನು ಹಲ್ಲಿನಿಂದ ಕಡಿದು, "ಕೆಲಸ ಇದೆ ಅಂತ ಬರ್ಕೊಳ್ಳಮ್ಮ. ಅವಳ ಕೆಳಗೆ ನನ್ನನ್ನೂ ಬರ್ಕೋ," ಎಂದಳು.

"ನೀವು ಎಷ್ಟು ವರ್ಷದಿಂದ ಮಾಡ್ತಿದೀರಿ?"

ಅತ್ತೆ ಮಗನನ್ನೇ ನೋಡುತ್ತ ಹೇಳಿದಳು: "ಇವನು ಹೊಟ್ಟೇಲಿದ್ದಾಗಿಂದ."