ನಾಲ್ಕು ಅಡಿ ಜಾಗ

ಸರ್ಕಾರದ ಅಗ್ಗದ ಮನೆಗಳಲ್ಲಿ ಗೋಡೆಗಳು ತಿಂಗಳಿಗೊಮ್ಮೆ ಸರಿಯುತ್ತವೆ. ತಲೆಗೆ ನಾಲ್ಕು ಅಡಿ. ಒಬ್ಬರು ಕಡಿಮೆಯಾದರೆ ಅವರ ಜಾಗ ಬೇರೆಯವರಿಗೆ ಹೋಗುತ್ತದೆ.

ಒಂದನೇ ತಾರೀಖು ಬೆಳಿಗ್ಗೆ ಗೋಡೆಯ ಪೆಟ್ಟಿಗೆ ಎಂದಿನಂತೆ ಕೇಳಿತು: “ಮನೆಮಂದಿಯಲ್ಲಿ ಬದಲಾವಣೆ?”

ನನ್ನ ಗಂಡ ಹೋಗಿ ಇಪ್ಪತ್ತು ದಿನವಾಗಿತ್ತು. ನನ್ನ ಅತ್ತೆ ಅಕ್ಕಿ ಮುಗಿದರೂ ‘ಇಲ್ಲ’ ಎನ್ನುವವರಲ್ಲ, ‘ಹೆಚ್ಚಿದೆ’ ಎನ್ನುವವರು. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿಬಿಟ್ಟರು: “ಹೆಚ್ಚಿತಪ್ಪಾ.”

“ಒಬ್ಬರು ಹೆಚ್ಚು. ಅಭಿನಂದನೆಗಳು,” ಎಂದಿತು ಪೆಟ್ಟಿಗೆ. ಗೋಡೆ ಪಕ್ಕದ ಮನೆಯೊಳಕ್ಕೆ ಸರಿಯತೊಡಗಿತು.

ಆಚೆಯಿಂದ ನಾಗವೇಣಕ್ಕ ಗೋಡೆ ಬಡಿದರು. “ಏನ್ರೇ ಸುಳ್ಳು ಹೇಳಿದ್ರಿ ಅತ್ತೆ ಸೊಸೆ? ಇಲ್ಲಿ ಬಾಣಂತಿ ಮಲಗಿದಾಳೆ! ನಿಲ್ಸೇ ಮಾಲಿನಿ!”

ಅತ್ತೆ ನನ್ನ ಕೈ ಹಿಡಿದರು. “ಸುಮ್ನಿರು. ನೀನು ತಿದ್ದಿದ್ರೆ ಅವನ ಜಾಗ ಹೋಗುತ್ತೆ.”

ಆಚೆ ಮಂಚದ ಕಾಲು ಮುರಿದ ಸದ್ದಾಯಿತು. ಮಗು ಕಿರುಚಿತು.

“ನನ್ನ ಗಂಡ ಸತ್ತಿದ್ದಾರೆ,” ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಗೋಡೆ ನಿಂತಿತು. ಪೆಟ್ಟಿಗೆ ಧನ್ಯವಾದ ಹೇಳಿತು. ಆಮೇಲೆ ಗೋಡೆ ನಮ್ಮ ಕಡೆಗೆ ಬರತೊಡಗಿತು.

“ಏಳಿ ಅತ್ತೆ, ಈಚೆ ಬನ್ನಿ,” ಎಂದೆ.

ಅವರು ಗೋಡೆಯ ಪಕ್ಕದಲ್ಲಿದ್ದ ಮಗನ ಹಾಸಿಗೆಯ ಮೇಲೆ ಮಲಗಿ, ಹೊದಿಕೆ ಎಳೆದುಕೊಂಡರು.